ಟೆಲಿವಿಷನ್ ಪರದೆಯ ರೆಸಲ್ಯೂಶನ್

ಟೆಲಿವಿಷನ್ ಪರದೆಯ ಮೇಲೆ ಮೂಡುವ ಚಿತ್ರದಲ್ಲಿ ಎಷ್ಟು ಸಣ್ಣ ವಿವರಗಳನ್ನು ಒಂದಕ್ಕೊಂದು ಬೆರೆಯದಂತೆ ಬಿಡಿಬಿಡಿಯಾಗಿ ತೋರಿಸಲು ಸಾಧ್ಯ ಎಂಬುದರ ಅಳತೆಯೇ ರೆಸಲ್ಯೂಶನ್. ಎಲ್‌ಸಿಡಿ, ಪ್ಲಾಸ್ಮಾ, ಒಎಲ್‌ಇಡಿ ಮೊದಲಾದ ಚಪ್ಪಟೆ ಪರದೆಗಳು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಲಕ್ಷಾಂತರ ಪಿಕ್ಸೆಲ್‌ಗಳಿಂದ, ಅಂದರೆ ಬೇರೆಬೇರೆಯಾಗಿ ಬೆಳಗಿಸಬಲ್ಲ ಚಿತ್ರಬಿಂದುಗಳಿಂದ, ರಚಿತವಾಗಿರುತ್ತವೆ. ಪ್ರತಿ ಪಿಕ್ಸೆಲ್‌ನೊಳಗೆ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಉಪಪಿಕ್ಸೆಲ್‌ಗಳಿದ್ದು, ಅವುಗಳ ಬೆಳಕನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಉಳಿದೆಲ್ಲ ಬಣ್ಣಗಳನ್ನು ಪಡೆಯಲಾಗುತ್ತದೆ. ಅಂಗಡಿಯಲ್ಲಿ ರೆಸಲ್ಯೂಶನ್ ಎಂದು ನಮೂದಾಗುವುದು ಈ ಪಿಕ್ಸೆಲ್‌ಗಳ ಎಣಿಕೆ; 1920×1080 ಎಂದರೆ ಒಂದು ಅಡ್ಡಸಾಲಿನಲ್ಲಿ 1920 ಪಿಕ್ಸೆಲ್‌ಗಳಿದ್ದು, ಅಂಥ 1080 ಸಾಲುಗಳು ಒಂದರ ಕೆಳಗೊಂದು ಇವೆ ಎಂದರ್ಥ. ಆದರೆ ಪರದೆಯಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದಕ್ಕೂ ನೋಡುವವರ ಕಣ್ಣಿಗೆ ಎಷ್ಟು ವಿವರ ತಲುಪುತ್ತದೆ ಎಂಬುದಕ್ಕೂ ನಡುವೆ ಕುಳಿತ ದೂರ, ಪರದೆಯ ಗಾತ್ರ, ಪ್ರಸಾರದ ಗುಣಮಟ್ಟ, ದೃಶ್ಯದ ಚಲನೆ ಇವೆಲ್ಲ ಇರುವುದರಿಂದ, ಪೆಟ್ಟಿಗೆಯ ಮೇಲಿನ ಸಂಖ್ಯೆಯೊಂದನ್ನೇ ನೋಡಿ ಟಿ.ವಿ. ಆರಿಸುವುದು ಸರಿಯಾದ ಕ್ರಮವಲ್ಲ.

ಇಂದು ಬಳಕೆಯಲ್ಲಿರುವ ಪರದೆಗಳಲ್ಲಿ ನಾಲ್ಕು ಬಗೆಗಳನ್ನು ಮುಖ್ಯವಾಗಿ ಗುರುತಿಸಬಹುದು. ಎಚ್‌ಡಿ ರೆಡಿ ಎಂದು ಮಾರಾಟವಾಗುವ 1366×768ರ ಪರದೆಯಲ್ಲಿ ಒಟ್ಟು ಸುಮಾರು ಹತ್ತೂವರೆ ಲಕ್ಷ, ಫುಲ್ ಎಚ್‌ಡಿ ಎನಿಸಿದ 1920×1080ರಲ್ಲಿ 20,73,600, 4ಕೆ ಅಥವಾ ಅಲ್ಟ್ರಾ ಎಚ್‌ಡಿ ಎಂಬ 3840×2160ರಲ್ಲಿ 82,94,400 ಹಾಗೂ 8ಕೆ ಎಂಬ 7680×4320ರಲ್ಲಿ 3,31,77,600 ಪಿಕ್ಸೆಲ್‌ಗಳಿರುತ್ತವೆ. ಮೊದಲಿನ ಮಾನಕಗಳು ಸಾಲುಗಳ ಸಂಖ್ಯೆಯಿಂದ, ಅಂದರೆ ಎತ್ತರದ ಅಳತೆಯಿಂದ, ಹೆಸರು ಪಡೆದಿದ್ದರೆ 4ಕೆ ಎಂಬುದು ಅಗಲದ ಸುಮಾರು ನಾಲ್ಕು ಸಾವಿರ ಪಿಕ್ಸೆಲ್‌ಗಳನ್ನು ಸೂಚಿಸುತ್ತದೆ. ಹೀಗಾಗಿ ಫುಲ್ ಎಚ್‌ಡಿಗಿಂತ 4ಕೆಯಲ್ಲಿ ಒಟ್ಟು ಪಿಕ್ಸೆಲ್‌ಗಳು ನಾಲ್ಕು ಪಟ್ಟು ಇದ್ದರೂ ಯಾವುದೇ ಒಂದು ದಿಕ್ಕಿನಲ್ಲಿ ವಿವರ ಹೆಚ್ಚುವುದು ಎರಡು ಪಟ್ಟು ಮಾತ್ರ. ಸಿನಿಮಾ ಮಂದಿರಗಳ ಡಿಜಿಟಲ್ ಪ್ರದರ್ಶನದಲ್ಲಿ 4ಕೆ ಎಂದರೆ 4096×2160, ಮನೆಯ ಟಿ.ವಿ.ಯದು ಅದಕ್ಕಿಂತ ಸ್ವಲ್ಪ ಕಿರಿದು.

ಸಾಲುಗಳಿಂದ ಪಿಕ್ಸೆಲ್‌ಗಳಿಗೆ

ಪಿಕ್ಸೆಲ್ ಬರುವ ಮೊದಲು ಟೆಲಿವಿಷನ್ನಿಗೆ ಸಾಲುಗಳಷ್ಟೇ ಇದ್ದವು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಭಾರತದ ಟೆಲಿವಿಷನ್ 625 ಸಾಲುಗಳ ಪದ್ಧತಿಯನ್ನು ಅನುಸರಿಸಿತು. 1975–76ರ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಕಂಡ ಸಮುದಾಯ ಟಿ.ವಿ.ಗಳ ಚಿತ್ರವೂ, 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಪಾಲ್ ಪದ್ಧತಿಯಲ್ಲಿ ಬಂದ ಬಣ್ಣದ ಚಿತ್ರವೂ ಇದೇ ಚೌಕಟ್ಟಿನವು. ಈ 625ರಲ್ಲಿ ಕೆಲವು ಸಾಲುಗಳು ಚಿತ್ರವನ್ನು ಎಳೆಯುವ ಎಲೆಕ್ಟ್ರಾನ್ ಕಿರಣವು ಪರದೆಯ ಕೆಳತುದಿಯಿಂದ ಮೇಲ್ತುದಿಗೆ ಮರಳುವ ಅವಧಿಗೆ ಮೀಸಲಾಗಿದ್ದುದರಿಂದ ಚಿತ್ರವನ್ನು ಹೊತ್ತವು 576 ಮಾತ್ರ. ಅವನ್ನೂ ಒಮ್ಮೆಲೇ ಕಳುಹಿಸದೆ, ಮೊದಲು ಬೆಸ ಸಾಲುಗಳನ್ನು, ಅನಂತರ ಸಮ ಸಾಲುಗಳನ್ನು, ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೊಮ್ಮೆ ಸರದಿಯಂತೆ ಕಳುಹಿಸಲಾಗುತ್ತಿತ್ತು. ಇಂಟರ್‌ಲೇಸ್ ಎಂಬ ಈ ಹೆಣಿಗೆಯ ಉಪಾಯವು ಅರ್ಧದಷ್ಟು ತರಂಗವ್ಯಾಪ್ತಿಯಲ್ಲೇ ಮಿನುಗು ಕಾಣದ ಚಿತ್ರವನ್ನು ಕೊಟ್ಟಿತು. 1080ಐ ಎಂಬಲ್ಲಿನ ‘ಐ’ ಇಂದಿಗೂ ಈ ಪದ್ಧತಿಯನ್ನೂ, 1080ಪಿ ಎಂಬಲ್ಲಿನ ‘ಪಿ’ ಎಲ್ಲ ಸಾಲುಗಳೂ ಒಟ್ಟಿಗೆ ಬರುವ ಪ್ರೋಗ್ರೆಸಿವ್ ಪದ್ಧತಿಯನ್ನೂ ಸೂಚಿಸುತ್ತವೆ.

ಸಾಲುಗಳ ಎಣಿಕೆಗೂ ಕಾಣುವ ವಿವರಕ್ಕೂ ಅಂತರವಿದೆ ಎಂಬುದು ಬಹಳ ಮೊದಲೇ ಗೊತ್ತಾಗಿದ್ದ ಸಂಗತಿ. ಅಮೆರಿಕದ ಆರ್‌ಸಿಎ ಸಂಸ್ಥೆಯ ರೇಮಂಡ್ ಕೆಲ್ ಮತ್ತು ಅವರ ಸಂಗಡಿಗರು 1934ರಲ್ಲೇ ಇದನ್ನು ಅಳೆದು ನೋಡಿದರು. ದೃಶ್ಯದ ಗೆರೆಗಳು ಸ್ಕ್ಯಾನಿನ ಸಾಲುಗಳ ಮೇಲೆ ಸರಿಯಾಗಿ ಕೂರದೆ ನಡುವೆ ಬೀಳಬಹುದಾದ ಕಾರಣ, ಬಿಡಿಸಿ ತೋರಿಸಬಲ್ಲ ವಿವರವು ಸಾಲುಗಳ ಸಂಖ್ಯೆಗಿಂತ ಗಣನೀಯವಾಗಿ ಕಡಿಮೆ ಎಂದು ಅವರು ತೋರಿಸಿಕೊಟ್ಟರು. ಈಗ ಕೆಲ್ ಗುಣಾಂಕ ಎನಿಸಿಕೊಂಡಿರುವ ಈ ಪ್ರಮಾಣವನ್ನು ಸಾಮಾನ್ಯವಾಗಿ 0.7 ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 576 ಸಾಲುಗಳ ಚಿತ್ರ ನಿಜವಾಗಿ ಕೊಡುತ್ತಿದ್ದುದು ಸುಮಾರು 400 ಸಾಲುಗಳಷ್ಟು ವಿವರವನ್ನು. 1982ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತವಾದ ಬಿ.ಟಿ. 601 ಎಂಬ ಶಿಫಾರಸು ಪ್ರತಿ ಸಾಲನ್ನು 720 ಮಾದರಿಗಳಾಗಿ ಅಳೆಯಬೇಕೆಂದು ಗೊತ್ತುಪಡಿಸಿದಾಗ, ಹಳೆಯ ಅನಲಾಗ್ ಚಿತ್ರ ಮೊದಲ ಬಾರಿಗೆ 720×576 ಎಂಬ ಸಂಖ್ಯಾರೂಪ ತಳೆಯಿತು. ಡಿವಿಡಿಗಳೂ ಇಂದಿನ ಎಸ್‌ಡಿ (ಸ್ಟ್ಯಾಂಡರ್ಡ್ ಡೆಫಿನಿಷನ್) ವಾಹಿನಿಗಳೂ ಈ ವಂಶಕ್ಕೆ ಸೇರಿದವು.

ಎಚ್‌ಡಿಯ ಕಲ್ಪನೆ ಮೂಡಿದ್ದು ಜಪಾನಿನಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ಮುಂದಿನ ಕಾಲದ ಟೆಲಿವಿಷನ್ ಹೇಗಿರಬೇಕೆಂಬ ಸಂಶೋಧನೆಗೆ ತೊಡಗಿತು. ತಕಾಶಿ ಫುಜಿಯೊ ಅವರ ನೇತೃತ್ವದ ತಂಡ ತಂತ್ರಜ್ಞಾನಕ್ಕೂ ಮೊದಲು ಮನುಷ್ಯನ ದೃಷ್ಟಿಯನ್ನು ಅಧ್ಯಯನ ಮಾಡಿತು. ಚಿತ್ರವು ನೋಟದ ಕ್ಷೇತ್ರದಲ್ಲಿ ಅಡ್ಡಲಾಗಿ ಸುಮಾರು 30 ಡಿಗ್ರಿಯಷ್ಟನ್ನು ಆವರಿಸಿದಾಗ ನೋಡುವವರಿಗೆ ಪರದೆಯ ಚೌಕಟ್ಟು ಮರೆತು ದೃಶ್ಯದ ಒಳಗೇ ಇರುವ ಅನುಭವ ಬರತೊಡಗುತ್ತದೆ, ಇದಕ್ಕೆ ಪರದೆಯ ಎತ್ತರದ ಮೂರರಷ್ಟು ದೂರದಲ್ಲಿ ಕೂರಬೇಕು, ಅಷ್ಟು ಹತ್ತಿರದಲ್ಲಿ ಸಾಲುಗಳು ಬಿಡಿಯಾಗಿ ಕಾಣಬಾರದೆಂದರೆ ಅವುಗಳ ಸಂಖ್ಯೆ ಸಾವಿರವನ್ನು ಮೀರಬೇಕು ಎಂಬ ತರ್ಕದಿಂದ 1125 ಸಾಲುಗಳ ಪದ್ಧತಿ ರೂಪುಗೊಂಡಿತು. ಈ ತರ್ಕದ ದಿಕ್ಕನ್ನು ಗಮನಿಸುವುದು ಅಗತ್ಯ. ಮೊದಲಿನಷ್ಟೇ ಗಾತ್ರದ ಚಿತ್ರವನ್ನು ಮೊದಲಿನಷ್ಟೇ ದೂರದಿಂದ ಇನ್ನೂ ಚೂಪಾಗಿ ತೋರಿಸಲೆಂದು ಎಚ್‌ಡಿ ಹುಟ್ಟಲಿಲ್ಲ; ಚಿತ್ರವು ಕಣ್ಣಿನ ಮುಂದೆ ಹೆಚ್ಚು ಜಾಗವನ್ನು ತುಂಬಿದಾಗಲೂ ಒಡೆಯದೆ ಉಳಿಯಲೆಂದು ಹುಟ್ಟಿತು. ಎಸ್‌ಡಿ ಚಿತ್ರವನ್ನು ಪರದೆಯ ಎತ್ತರದ ಆರರಷ್ಟು ದೂರದಿಂದ, ಎಚ್‌ಡಿಯನ್ನು ಮೂರರಷ್ಟು, 4ಕೆಯನ್ನು ಒಂದೂವರೆಯಷ್ಟು, 8ಕೆಯನ್ನು ಮುಕ್ಕಾಲರಷ್ಟು ದೂರದಿಂದ ನೋಡುವಂತೆ ಮಾನಕಗಳನ್ನು ರೂಪಿಸಲಾಗಿದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಟಿ.ವಿ. ಆಯ್ಕೆಯ ಅನೇಕ ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ.

ಪರದೆಯ ಅಗಲ-ಎತ್ತರಗಳ 16:9 ಅನುಪಾತವನ್ನು 1984ರಲ್ಲಿ ಕರ್ನ್ಸ್ ಪವರ್ಸ್ ಎಂಬ ತಂತ್ರಜ್ಞರು ಹಳೆಯ 4:3 ಚಿತ್ರಗಳಿಗೂ ಅಗಲವಾದ ಸಿನಿಮಾ ಚೌಕಟ್ಟುಗಳಿಗೂ ನಡುವಣ ರಾಜಿಯಾಗಿ ಸೂಚಿಸಿದರು. ಈ ಅನುಪಾತದ 1920×1080 ಎಚ್‌ಡಿಯ ಜಾಗತಿಕ ಮಾನಕವಾಯಿತು. ಆದರೆ ಆರಂಭದ ಚಪ್ಪಟೆ ಪರದೆಗಳಿಗೆ ಅಷ್ಟು ಪಿಕ್ಸೆಲ್‌ಗಳನ್ನು ಅಗ್ಗವಾಗಿ ಹೊಂದಿಸುವುದು ಕಷ್ಟವಾಗಿತ್ತು. 2005ರ ಜನವರಿಯಲ್ಲಿ ಯುರೋಪಿನ ಎಲೆಕ್ಟ್ರಾನಿಕ್ ಉದ್ಯಮಗಳ ಒಕ್ಕೂಟ ಎಚ್‌ಡಿ ರೆಡಿ ಎಂಬ ಗುರುತನ್ನು ಜಾರಿಗೆ ತಂದು, ಕನಿಷ್ಠ 720 ಸಾಲುಗಳಿದ್ದು ಎಚ್‌ಡಿ ಸಂಕೇತವನ್ನು ಸ್ವೀಕರಿಸಬಲ್ಲ ಅಗಲ ಪರದೆಗಳಿಗೆ ಅದನ್ನು ಅನ್ವಯಿಸಿತು. ಆ ಹೆಸರೇ ಮುಂದೆ ಭಾರತದ ಅಂಗಡಿಗಳಲ್ಲೂ ನೆಲೆಯೂರಿತು.

ಈ ವರ್ಗದಲ್ಲಿ ಎಲ್ಲೆಡೆ ಕಾಣುವ 1366×768 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಟೆಲಿವಿಷನ್ನಿಂದಲ್ಲ, ಕಂಪ್ಯೂಟರಿನಿಂದ. ಕಂಪ್ಯೂಟರ್ ಮಾನಿಟರುಗಳ 1024×768 ಎಂಬ ಮಾನಕದ ಎತ್ತರವನ್ನು ಹಾಗೆಯೇ ಉಳಿಸಿಕೊಂಡು ಅಗಲವನ್ನು 16:9ಕ್ಕೆ ಹಿಗ್ಗಿಸಿದರೆ ದೊರೆಯುವುದು 1365.33, ಅದನ್ನು 1366ಕ್ಕೆ ಏರಿಸಲಾಯಿತು. ಇದರ ಪರಿಣಾಮ ಇಂದಿಗೂ ಉಳಿದಿದೆ. ಪ್ರಸಾರದ ಯಾವ ಮಾನಕವೂ 768 ಸಾಲುಗಳದ್ದಲ್ಲವಾದ್ದರಿಂದ 576, 720, 1080 ಯಾವುದೇ ಬಂದರೂ ಈ ಪರದೆ ಅದನ್ನು ಪೂರ್ಣಾಂಕವಲ್ಲದ ಪ್ರಮಾಣದಲ್ಲಿ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸಬೇಕಾಗುತ್ತದೆ, ಹಾಗೆ ಮಾಡುವಾಗ ಸಣ್ಣ ಅಕ್ಷರಗಳ ಮತ್ತು ತೆಳುಗೆರೆಗಳ ಅಂಚು ತುಸು ಮಸುಕಾಗುತ್ತದೆ.

ಎಲೆಕ್ಟ್ರಾನ್ ಕಿರಣದ ಹಳೆಯ ಟಿ.ವಿ.ಗಳಲ್ಲಿ ಈ ತೊಡಕು ಇರಲಿಲ್ಲ, ಏಕೆಂದರೆ ಕಿರಣವು ಬಂದ ಸಂಕೇತಕ್ಕೆ ತಕ್ಕಂತೆ ಸಾಲುಗಳನ್ನು ಎಳೆಯುತ್ತಿತ್ತು. ಚಪ್ಪಟೆ ಪರದೆಯ ಪಿಕ್ಸೆಲ್‌ಗಳಾದರೋ ಕಾರ್ಖಾನೆಯಲ್ಲಿಯೇ ಸ್ಥಿರವಾಗಿಬಿಟ್ಟಿರುತ್ತವೆ. ಈ ಸ್ಥಿರ ಎಣಿಕೆಗೆ ಸಹಜ ರೆಸಲ್ಯೂಶನ್ ಎನ್ನುತ್ತಾರೆ, ಮತ್ತು ಬರುವ ಪ್ರತಿಯೊಂದು ಸಂಕೇತವೂ ಅದಕ್ಕೆ ಹೊಂದಿಕೊಳ್ಳಬೇಕು.

ಕಣ್ಣು, ದೂರ ಮತ್ತು ಗಾತ್ರ

ಕಣ್ಣಿನ ವಿಭೇದನ ಸಾಮರ್ಥ್ಯವನ್ನು ಕೋನದಲ್ಲಿ ಅಳೆಯುತ್ತಾರೆ. ಡಚ್ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ಸಿದ್ಧಪಡಿಸಿದ ಅಕ್ಷರಫಲಕದ ಆಧಾರದ ಮೇಲೆ 6/6 ಎಂದು ದಾಖಲಾಗುವ ಸಾಮಾನ್ಯ ದೃಷ್ಟಿಯು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು, ಅಂದರೆ ಒಂದು ಕೋನನಿಮಿಷದಷ್ಟು, ಅಂತರವನ್ನು ಗುರುತಿಸಬಲ್ಲದು. ಪರದೆಯ ಒಂದು ಪಿಕ್ಸೆಲ್ ನೋಡುವವರ ಕಣ್ಣಿನಲ್ಲಿ ಇದಕ್ಕಿಂತ ಕಿರಿದಾದ ಕೋನವನ್ನು ಉಂಟುಮಾಡುವಷ್ಟು ದೂರದಲ್ಲಿ ಅವರು ಕುಳಿತಿದ್ದರೆ, ಆ ಪಿಕ್ಸೆಲ್ಲನ್ನು ನಾಲ್ಕಾಗಿ ಒಡೆದರೂ ಚಿತ್ರದಲ್ಲಿ ಹೊಸ ವಿವರವೇನೂ ಕಾಣದು. ಒಂದು ಕೋನನಿಮಿಷವು ಯಾವುದೇ ಉದ್ದದ ಸುಮಾರು 3438 ಪಟ್ಟು ದೂರದಲ್ಲಿ ಆ ಉದ್ದಕ್ಕೆ ಸಮನಾಗುತ್ತದೆ. ಆದ್ದರಿಂದ 3438ನ್ನು ಪರದೆಯ ಸಾಲುಗಳ ಸಂಖ್ಯೆಯಿಂದ ಭಾಗಿಸಿದರೆ, ಪರದೆಯ ಎತ್ತರದ ಎಷ್ಟು ಪಟ್ಟು ದೂರಕ್ಕೆ ಹೋದಾಗ ಪಿಕ್ಸೆಲ್‌ಗಳು ಕಣ್ಮರೆಯಾಗುತ್ತವೆ ಎಂಬುದು ತಿಳಿಯುತ್ತದೆ. 1080 ಸಾಲುಗಳಿಗೆ ಇದು 3.2, 2160 ಸಾಲುಗಳಿಗೆ 1.6, ಮೇಲೆ ಹೇಳಿದ ವಿನ್ಯಾಸದ ದೂರಗಳು ಹೊರಟದ್ದು ಈ ಲೆಕ್ಕದಿಂದಲೇ.

ಟಿ.ವಿ.ಯ ಗಾತ್ರವನ್ನು ಮೂಲೆಯಿಂದ ಮೂಲೆಗೆ ಅಳೆಯುವುದರಿಂದ, 16:9ರ ಪರದೆಯ ಎತ್ತರ ಆ ಅಳತೆಯ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಿರುತ್ತದೆ. 43 ಇಂಚಿನ ಪರದೆಯ ಎತ್ತರ ಸುಮಾರು 53.5 ಸೆಂಟಿಮೀಟರ್. ಅದು ಫುಲ್ ಎಚ್‌ಡಿಯಾಗಿದ್ದರೆ ಒಂದೊಂದು ಪಿಕ್ಸೆಲ್ ಅರ್ಧ ಮಿಲಿಮೀಟರಿನಷ್ಟಿದ್ದು, 1.7 ಮೀಟರ್ ಅಥವಾ ಐದೂವರೆ ಅಡಿಗಿಂತ ದೂರ ಕುಳಿತ 6/6 ದೃಷ್ಟಿಯವರಿಗೆ ಬಿಡಿಯಾಗಿ ಕಾಣುವುದಿಲ್ಲ. ಅದೇ ಗಾತ್ರದ 4ಕೆ ಪರದೆಯ ಪೂರ್ಣ ವಿವರವನ್ನು ಸವಿಯಬೇಕಾದರೆ ಮೂರು ಅಡಿಗಿಂತಲೂ ಹತ್ತಿರ ಬರಬೇಕಾಗುತ್ತದೆ. 55 ಇಂಚಿಗೆ ಈ ದೂರಗಳು ಕ್ರಮವಾಗಿ 2.2 ಮೀಟರ್ ಮತ್ತು 1.1 ಮೀಟರ್. ಗೋಡೆಗೆ ಒರಗಿಸಿದ ಸೋಫಾದಿಂದ ಎದುರು ಗೋಡೆಯ ಟಿ.ವಿ.ಗೆ ಹತ್ತು ಅಡಿಯಿರುವ ಹಜಾರದಲ್ಲಿ, ಬರಿಯ ಈ ಲೆಕ್ಕವನ್ನು ನಂಬುವುದಾದರೆ, 77 ಇಂಚಿನವರೆಗೂ ಫುಲ್ ಎಚ್‌ಡಿ ಸಾಕು.

ಆದರೆ ಒಂದು ಕೋನನಿಮಿಷವನ್ನು ಕಣ್ಣಿನ ಕೊನೆಯ ಎಲ್ಲೆಯೆಂದು ತಿಳಿಯುವುದು ತಪ್ಪಾಗುತ್ತದೆ. 6/6 ಎಂಬುದು ಆರೋಗ್ಯವಂತ ದೃಷ್ಟಿಯ ಕೆಳಮಟ್ಟದ ಗಡಿ. ಎಳೆಯ ವಯಸ್ಸಿನ ಅನೇಕರ ಕಣ್ಣು ಅದಕ್ಕಿಂತ ಚುರುಕಾಗಿರುತ್ತದೆ. ಒಂದು ಗೆರೆ ಇನ್ನೊಂದರಿಂದ ತುಸುವೇ ಸರಿದಿರುವುದನ್ನು ಗುರುತಿಸುವಲ್ಲಂತೂ ಕಣ್ಣು ಮತ್ತು ಮಿದುಳು ಸೇರಿ ಕೆಲವೇ ಕೋನಸೆಕೆಂಡುಗಳ ಮಟ್ಟಕ್ಕೆ ಇಳಿಯಬಲ್ಲವು. ಓರೆಗೆರೆಗಳ ಅಂಚಿನಲ್ಲಿ ಮೆಟ್ಟಿಲುಗಳಂತೆ ಕಾಣುವ ಒರಟುತನ, ಪಿಕ್ಸೆಲ್‌ಗಳೇ ಕಾಣದಷ್ಟು ದೂರದಿಂದಲೂ ಗೋಚರಿಸಲು ಇದೇ ಕಾರಣ. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಸಂಸ್ಥೆಯ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನವು ನೇರ ನೋಟದಲ್ಲಿ ಕಪ್ಪು-ಬಿಳಿ ವಿವರಗಳಿಗೆ ಕಣ್ಣಿನ ಮಿತಿ ಒಂದು ಡಿಗ್ರಿಗೆ ಸರಾಸರಿ 94 ಪಿಕ್ಸೆಲ್‌ಗಳೆಂದೂ, ಕೆಂಪು-ಹಸಿರಿನ ವಿವರಗಳಿಗೆ 89 ಎಂದೂ, ಹಳದಿ-ನೇರಳೆಯ ವಿವರಗಳಿಗೆ 53 ಎಂದೂ ಅಳೆದು ತೋರಿಸಿದೆ. 6/6ರ ಲೆಕ್ಕದಲ್ಲಿ ಇದು 60 ಆಗಿತ್ತು. ಈ ಹೊಸ ಅಳತೆಯನ್ನು ಬಳಸಿದರೆ ಮೇಲಿನ ದೂರಗಳೆಲ್ಲ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತವೆ: ಫುಲ್ ಎಚ್‌ಡಿಯ 43 ಇಂಚಿಗೆ ಸುಮಾರು 2.7 ಮೀಟರ್, 55 ಇಂಚಿಗೆ 3.4 ಮೀಟರ್. ಎಂಟು ಅಡಿ ದೂರದಿಂದ 55 ಇಂಚಿನ ಪರದೆಯನ್ನು ನೋಡುವ ಮನೆಗೆ, ಒಳ್ಳೆಯ ಕಣ್ಣುಗಳಿದ್ದು ಒಳ್ಳೆಯ ಚಿತ್ರವೂ ಬರುವುದಾದರೆ, 4ಕೆಯಿಂದ ನಿಜವಾದ ಲಾಭವುಂಟು ಎಂದು ಇದರಿಂದ ಹೇಳಬಹುದು. ಹಾಗೆಯೇ ಕನ್ನಡಕದ ಸಂಖ್ಯೆ ಬದಲಾಗಿದ್ದೂ ಕನ್ನಡಕ ಬದಲಿಸದವರಿಗೆ, ಕಣ್ಣಿನ ಪೊರೆ ಬೆಳೆಯುತ್ತಿರುವ ಹಿರಿಯರಿಗೆ, ಅದೇ ದೂರದಿಂದ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ತೋರದಿರುವುದು ಸಹಜ. ಅವರಿಗೆ ಪಿಕ್ಸೆಲ್ಲಿಗಿಂತ ಗಾತ್ರ ಹೆಚ್ಚು ನೆರವಾಗುತ್ತದೆ.

ಪರದೆಗೆ ಬರುವ ಚಿತ್ರ

ಪರದೆಯ ಸಾಮರ್ಥ್ಯ ಎಷ್ಟೇ ಇರಲಿ, ಬರುವ ಸಂಕೇತದಲ್ಲಿ ಇಲ್ಲದ ವಿವರವನ್ನು ಅದು ಸೃಷ್ಟಿಸಲಾರದು. 720×576ರ ಎಸ್‌ಡಿ ಚಿತ್ರವು 4ಕೆ ಪರದೆಯನ್ನು ತುಂಬಬೇಕಾದರೆ ಒಂದೊಂದು ಪಿಕ್ಸೆಲ್ಲಿಗೆ ಇಪ್ಪತ್ತರಂತೆ ಪಿಕ್ಸೆಲ್‌ಗಳನ್ನು ತುಂಬಬೇಕು, ಅಂದರೆ ತೋರುವ ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ಟಿ.ವಿ.ಯೊಳಗಿನ ಸಂಸ್ಕಾರಕದ ಊಹೆ. ಅಪ್‌ಸ್ಕೇಲಿಂಗ್ ಎಂಬ ಈ ಹಿಗ್ಗಿಸುವ ಕೆಲಸವನ್ನು ಉತ್ತಮ ಸಂಸ್ಕಾರಕಗಳು ಅಂಚುಗಳನ್ನು ಗುರುತಿಸಿ ಜಾಣತನದಿಂದ ಮಾಡುತ್ತವೆ. ಅಗ್ಗದವು ಅಕ್ಕಪಕ್ಕದ ಬಣ್ಣಗಳ ಸರಾಸರಿ ತೆಗೆದು ಚಿತ್ರವನ್ನು ಮೇಣದಂತೆ ನುಣುಪಾಗಿಸುತ್ತವೆ. ಒಂದೇ ರೆಸಲ್ಯೂಶನ್ನಿನ ಎರಡು ಟಿ.ವಿ.ಗಳ ನಡುವೆ ಸಾಮಾನ್ಯ ಪ್ರಸಾರದಲ್ಲಿ ಕಾಣುವ ಅಂತರ ಬಹುಮಟ್ಟಿಗೆ ಇಲ್ಲಿ ಹುಟ್ಟುತ್ತದೆ. ಫುಲ್ ಎಚ್‌ಡಿ ಸಂಕೇತವಾದರೆ 4ಕೆ ಪರದೆಯಲ್ಲಿ ಪ್ರತಿ ಪಿಕ್ಸೆಲ್ ಎರಡು-ಎರಡರ ಚೌಕವಾಗಿ, 720ರ ಸಂಕೇತವಾದರೆ ಮೂರು-ಮೂರರ ಚೌಕವಾಗಿ ನಿಖರವಾಗಿ ಕೂರುತ್ತದೆ.

ಭಾರತದಲ್ಲಿ ಎಚ್‌ಡಿ ಪ್ರಸಾರ ವ್ಯಾಪಕವಾಗಿ ಗಮನಕ್ಕೆ ಬಂದದ್ದು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ಬಿತ್ತರಿಸಿದಾಗ. ಕೇಬಲ್ ಜಾಲದ ಡಿಜಿಟಲೀಕರಣದ ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಳಗೆ, ಬೆಂಗಳೂರು ಮತ್ತು ಮೈಸೂರು ಸೆಟ್‌ಟಾಪ್ ಬಾಕ್ಸಿನ ಯುಗಕ್ಕೆ ಕಾಲಿಡಬೇಕಾಯಿತು. 2016ರಿಂದೀಚೆಗೆ ಕನ್ನಡದ ಪ್ರಮುಖ ಮನರಂಜನಾ ವಾಹಿನಿಗಳು ಒಂದೊಂದಾಗಿ ಎಚ್‌ಡಿ ರೂಪ ಪಡೆದವು. ಆದರೂ ಅನೇಕ ವಾಹಿನಿಗಳು ಇಂದಿಗೂ ಎಸ್‌ಡಿಯಲ್ಲೇ ಉಳಿದಿವೆ, ಡಿಡಿ ಫ್ರೀ ಡಿಶ್‌ನ ಬಹುಪಾಲು ವಾಹಿನಿಗಳೂ ಹಾಗೆಯೇ. ಕನ್ನಡ ಓದುವವರಿಗೆ ಇದರ ತೊಂದರೆ ವಿಶೇಷವಾಗಿ ತಟ್ಟುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡದ ಒಂದು ಸಾಲಿಗೆ ರೋಮನ್ ಲಿಪಿಯ ಸಾಲಿಗಿಂತ ಹೆಚ್ಚು ಎತ್ತರ ಬೇಕು. ಸುದ್ದಿ ವಾಹಿನಿಗಳ ಕೆಳಪಟ್ಟಿಯಲ್ಲಿ ಆ ಎತ್ತರವನ್ನು ಕೊಡದೆ ಅಕ್ಷರಗಳನ್ನು ಇಕ್ಕಟ್ಟಾಗಿ ಕೂರಿಸಿದಾಗ ಎಸ್‌ಡಿಯ ಕೆಲವೇ ಸಾಲುಗಳಲ್ಲಿ ಒತ್ತುಗಳು ಒಂದಕ್ಕೊಂದು ಅಂಟಿ, ಪ-ಷಗಳನ್ನು ಬೇರೆ ಮಾಡುವ ಹೊಟ್ಟೆಯೊಳಗಿನ ಗೆರೆ ಇದೆಯೋ ಇಲ್ಲವೋ ತಿಳಿಯದಂತಾಗುತ್ತದೆ. ಇದು ಪರದೆ ಬದಲಿಸಿದರೆ ಸರಿಹೋಗುವ ದೋಷವಲ್ಲ. ಕನ್ನಡ ವಾಹಿನಿಗಳು ಎಚ್‌ಡಿಗೆ ಬರುವುದು ಮತ್ತು ತಮ್ಮ ಅಕ್ಷರಗಳಿಗೆ ತಕ್ಕಷ್ಟು ಜಾಗ ಬಿಡುವುದು ಇದಕ್ಕಿರುವ ಪರಿಹಾರ.

ಎಚ್‌ಡಿ ಎಂಬ ಹಣೆಪಟ್ಟಿಯೂ ಪೂರ್ಣ ಭರವಸೆಯನ್ನೇನೂ ಕೊಡುವುದಿಲ್ಲ. ಸೆಕೆಂಡಿಗೆ 25 ಚೌಕಟ್ಟುಗಳ ಫುಲ್ ಎಚ್‌ಡಿ ಚಿತ್ರವನ್ನು ಯಾವ ಅಡಕವೂ ಇಲ್ಲದೆ, ಪಿಕ್ಸೆಲ್ಲಿಗೆ 24 ಬಿಟ್‌ಗಳಂತೆ ಕಳುಹಿಸಬೇಕಾದರೆ ಸೆಕೆಂಡಿಗೆ ಸುಮಾರು 1,244 ಮೆಗಾಬಿಟ್‌ಗಳು ಬೇಕು. ವಾಸ್ತವದಲ್ಲಿ ಒಂದು ವಾಹಿನಿಗೆ ಸಿಗುವುದು ಕೆಲವೇ ಮೆಗಾಬಿಟ್‌ಗಳು. 2003ರ ಎಚ್.264, 2013ರ ಎಚ್.265 ಮುಂತಾದ ಅಡಕ ವಿಧಾನಗಳು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಬದಲಾಗದ ಭಾಗಗಳನ್ನು ಮರಳಿ ಕಳುಹಿಸದೆ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಬಿಟ್ಟುಕೊಟ್ಟು ಈ ಅಗಾಧ ಅಂತರವನ್ನು ತುಂಬುತ್ತವೆ. ಮಳೆ, ನೀರಿನ ಅಲೆ, ಜಾತ್ರೆಯ ಜನಜಂಗುಳಿಯಂಥ ದೃಶ್ಯಗಳಲ್ಲಿ ಎಲ್ಲವೂ ಒಮ್ಮೆಲೇ ಬದಲಾಗುವುದರಿಂದ ಮೆಗಾಬಿಟ್‌ಗಳು ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಬಣ್ಣದಲ್ಲಂತೂ ಎಲ್ಲ ಪ್ರಸಾರಗಳೂ ಮೊದಲೇ ಮಿತವ್ಯಯ ಮಾಡಿರುತ್ತವೆ: 4:2:0 ಎಂಬ ವಿಧಾನದಲ್ಲಿ ಪ್ರತಿ ಪಿಕ್ಸೆಲ್ಲಿಗೂ ಹೊಳಪಿನ ಮಾಹಿತಿ ಇರುತ್ತದೆ, ಬಣ್ಣದ ಮಾಹಿತಿಯಾದರೋ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ. ಹೀಗೆ 4ಕೆ ಪ್ರಸಾರದಲ್ಲಿಯೂ ಬಣ್ಣದ ರೆಸಲ್ಯೂಶನ್ ಫುಲ್ ಎಚ್‌ಡಿಯಷ್ಟೇ. ಕಣ್ಣು ಬಣ್ಣದ ಸೂಕ್ಷ್ಮಗಳಿಗೆ ಮಂದವಾಗಿರುವುದರಿಂದ ಸಿನಿಮಾ ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಆದರೆ ಟಿ.ವಿ.ಗೆ ಕಂಪ್ಯೂಟರ್ ಜೋಡಿಸಿ ಬಣ್ಣದ ಹಿನ್ನೆಲೆಯ ಮೇಲಿನ ಅಕ್ಷರಗಳನ್ನು ಓದುವವರಿಗೆ ಅಂಚುಗಳು ಕದಡಿದಂತೆ ಕಾಣುತ್ತವೆ. ಅಂಥವರು 4:4:4 ಸಂಕೇತವನ್ನು ಪೂರ್ಣವಾಗಿ ತೋರಿಸಬಲ್ಲ ಟಿ.ವಿ.ಯನ್ನು ಆರಿಸಬೇಕು.

4ಕೆಯ ನಿಜವಾದ ಆಸರೆ ಸದ್ಯಕ್ಕೆ ಅಂತರಜಾಲದ ಓಟಿಟಿ ವೇದಿಕೆಗಳು ಮತ್ತು 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ ತಟ್ಟೆಗಳು. ಓಟಿಟಿಯ 4ಕೆಗೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ಗಳ ಸ್ಥಿರ ಸಂಪರ್ಕ ಬೇಕು, ವೇಗ ಕುಸಿದಾಗ ವೇದಿಕೆಯು ಸದ್ದಿಲ್ಲದೆ ಕೆಳಗಿನ ರೆಸಲ್ಯೂಶನ್ನಿಗೆ ಇಳಿಯುತ್ತದೆ. 4ಕೆ ಎಂದು ಬಿಡುಗಡೆಯಾಗುವ ಅನೇಕ ಚಲನಚಿತ್ರಗಳು ಸಂಕಲನದ ಕೊನೆಯ ಹಂತದಲ್ಲಿ 2048×1080ರ 2ಕೆಯಲ್ಲೇ ಸಿದ್ಧವಾಗಿ ಆಮೇಲೆ ಹಿಗ್ಗಿಸಲ್ಪಟ್ಟವು ಎಂಬುದೂ ಗಮನಾರ್ಹ. ಇದಕ್ಕೆ ವಿರುದ್ಧವಾಗಿ, 35 ಮಿಲಿಮೀಟರ್ ಫಿಲ್ಮಿನ ಮೇಲೆ ತೆಗೆದ ಹಳೆಯ ಚಿತ್ರಗಳ ನೆಗೆಟಿವ್ ಸುಸ್ಥಿತಿಯಲ್ಲಿದ್ದರೆ ಅದರಿಂದ 4ಕೆಯಷ್ಟು ವಿವರವನ್ನು ಪ್ರಾಮಾಣಿಕವಾಗಿ ಹೊರತೆಗೆಯಬಹುದು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ಕಪ್ಪು-ಬಿಳುಪಿನ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ನಿನ ವಿಶ್ವ ಸಿನಿಮಾ ಯೋಜನೆ ಹೀಗೆ 4ಕೆಯಲ್ಲಿ ಪುನರುಜ್ಜೀವನಗೊಳಿಸಿದವು, 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಮಸುಕಾದ ವಿಡಿಯೊ ಪ್ರತಿಗಳಲ್ಲಿ ಕಳೆದುಹೋಗಿರುವ ಕನ್ನಡದ ಇನ್ನೂ ಎಷ್ಟೋ ಚಿತ್ರಗಳಿಗೆ ಇಂಥ ಭಾಗ್ಯ ಸಿಗಬೇಕಾಗಿದೆ. ಚೌಕಟ್ಟಿನ ಆಕಾರದಿಂದಲೂ ಪಿಕ್ಸೆಲ್‌ಗಳು ನಷ್ಟವಾಗುತ್ತವೆ: 2.39:1 ಅನುಪಾತದ ಸ್ಕೋಪ್ ಚಿತ್ರವು ಫುಲ್ ಎಚ್‌ಡಿ ಪರದೆಯ 1080 ಸಾಲುಗಳಲ್ಲಿ ಬಳಸಿಕೊಳ್ಳುವುದು ಸುಮಾರು 803ನ್ನು, ಉಳಿದವು ಮೇಲೆ-ಕೆಳಗೆ ಕಪ್ಪುಪಟ್ಟಿಗಳಾಗುತ್ತವೆ.

ಚಲನೆ

ನಿಂತ ಚಿತ್ರದಲ್ಲಿ ಕಾಣುವ ರೆಸಲ್ಯೂಶನ್ ಚಲಿಸುವ ಚಿತ್ರದಲ್ಲಿ ಉಳಿಯುವುದಿಲ್ಲ. ಎಲ್‌ಸಿಡಿ ಮತ್ತು ಒಎಲ್‌ಇಡಿ ಪರದೆಗಳು ಒಂದು ಚೌಕಟ್ಟನ್ನು ಮುಂದಿನದು ಬರುವವರೆಗೂ ಹಾಗೆಯೇ ಹಿಡಿದಿಡುತ್ತವೆ, ಆದರೆ ಚಲಿಸುವ ವಸ್ತುವನ್ನು ಹಿಂಬಾಲಿಸುವ ಕಣ್ಣು ನಿಲ್ಲದೆ ಸರಿಯುತ್ತಿರುತ್ತದೆ. ಆ ಕ್ಷಣಾರ್ಧದಲ್ಲಿ ನಿಂತ ಚಿತ್ರ ಅಕ್ಷಿಪಟಲದ ಮೇಲೆ ಎಳೆದಂತಾಗಿ ಮಸುಕಾಗುತ್ತದೆ. ಕ್ರಿಕೆಟ್ ಚೆಂಡನ್ನು ಹಿಂಬಾಲಿಸುತ್ತ ಕ್ಯಾಮೆರಾ ಹೊರಳುವಾಗ ಮೈದಾನದ ಒಂದು ಬಿಂದು ಪರದೆಯ ಅಗಲವನ್ನು ನಾಲ್ಕು ಸೆಕೆಂಡುಗಳಲ್ಲಿ ದಾಟುತ್ತದೆ ಎಂದುಕೊಂಡರೆ, ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಪರದೆಯಲ್ಲಿ ಅದು ಪ್ರತಿ ಚೌಕಟ್ಟಿಗೆ 16 ಪಿಕ್ಸೆಲ್‌ಗಳಷ್ಟು, ಫುಲ್ ಎಚ್‌ಡಿಯಲ್ಲಿ 8 ಪಿಕ್ಸೆಲ್‌ಗಳಷ್ಟು ಸರಿಯುತ್ತದೆ. 4ಕೆಯ ಪಿಕ್ಸೆಲ್ ಅರ್ಧ ಅಗಲದ್ದಾಗಿರುವುದರಿಂದ ಎರಡರಲ್ಲೂ ಮಸುಕಿನ ನಿಜವಾದ ಅಗಲ ಒಂದೇ. ಹೆಚ್ಚಿನ ಪಿಕ್ಸೆಲ್‌ಗಳ ಲಾಭ ಅಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಚೌಕಟ್ಟುಗಳ ವೇಗವನ್ನು 120ಕ್ಕೆ ಏರಿಸಿದರೆ ಮಸುಕು ಅರ್ಧಕ್ಕಿಳಿಯುತ್ತದೆ. ಭಾರತದ ಎಚ್‌ಡಿ ವಾಹಿನಿಗಳು 1080ಐ ಪದ್ಧತಿಯವಾದ್ದರಿಂದ ಹೆಣೆದ ಸಾಲುಗಳನ್ನು ಬಿಡಿಸಿ ಪೂರ್ಣ ಚಿತ್ರ ಕಟ್ಟುವ ಹೊಣೆಯೂ ಟಿ.ವಿ.ಯ ಅಥವಾ ಸೆಟ್‌ಟಾಪ್ ಬಾಕ್ಸಿನ ಮೇಲಿರುತ್ತದೆ. ಹೆಚ್ಚಾಗಿ ಆಟಗಳನ್ನೇ ನೋಡುವ ಮನೆಗೆ, ಆದ್ದರಿಂದ, ಪಿಕ್ಸೆಲ್‌ಗಳ ಎಣಿಕೆಗಿಂತ ಪರದೆಯ ಚಲನಾ ನಿರ್ವಹಣೆಯ ಮೇಲೆ ಖರ್ಚು ಮಾಡುವುದು ಹೆಚ್ಚು ವಿವೇಕದ್ದು.

ಆಯ್ಕೆ

ಮೊದಲು ಕೂರುವ ಜಾಗದಿಂದ ಪರದೆಗಿರುವ ದೂರವನ್ನು ಅಳೆದು, ಅದಕ್ಕೆ ತಕ್ಕ ಗಾತ್ರವನ್ನು ನಿರ್ಧರಿಸಿ, ಕೊನೆಯಲ್ಲಿ ರೆಸಲ್ಯೂಶನ್ನಿಗೆ ಬರುವುದು ಉಚಿತವಾದ ಕ್ರಮ. 32 ಇಂಚಿನ ಪರದೆಯನ್ನು ಎಂಟು-ಹತ್ತು ಅಡಿಯಿಂದ ನೋಡುವವರಿಗೆ ಎಚ್‌ಡಿ ರೆಡಿ ನಡೆಯುತ್ತದೆಯಾದರೂ, 768 ಸಾಲುಗಳ ಹೊಂದಾಣಿಕೆಯ ತೊಡಕಿನ ಕಾರಣದಿಂದ, ಬೆಲೆಯ ಅಂತರ ಕಡಿಮೆಯಿದ್ದಾಗ ಫುಲ್ ಎಚ್‌ಡಿಯೇ ಮೇಲು. 43 ಇಂಚಿನಲ್ಲಿ 4ಕೆಯ ಲಾಭ ಹತ್ತಿರ ಕೂರುವವರಿಗೆ ಮಾತ್ರ. 55 ಇಂಚು ಮತ್ತು ಅದಕ್ಕೂ ಮೇಲೆ ಅದೇ ಸಹಜ ಆಯ್ಕೆ. ಅಂಗಡಿಯಲ್ಲಿ 4ಕೆ ಚಿತ್ರವನ್ನು ಕಂಡು ಬೆರಗಾಗುವವರು ಎಷ್ಟೋ ವೇಳೆ ಮೆಚ್ಚುವುದು ಅದರ ಪಿಕ್ಸೆಲ್‌ಗಳನ್ನಲ್ಲ, ಜೊತೆಗೆ ಬಂದ ಎಚ್‌ಡಿಆರ್ ಅನ್ನು, ಅಂದರೆ ಕಗ್ಗತ್ತಲೆಯಿಂದ ಪ್ರಖರ ಬೆಳಕಿನವರೆಗಿನ ವಿಶಾಲ ಹರವನ್ನು ತೋರಿಸುವ ಸಾಮರ್ಥ್ಯವನ್ನು. ಅದರ ಫಲವನ್ನು ಹತ್ತು ಅಡಿ ದೂರದಿಂದಲೂ ಕಾಣಬಹುದು; ಆದರೆ ಮಂದ ಬೆಳಕಿನ ಅಗ್ಗದ ಪರದೆ ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸಿದ ಮಾತ್ರಕ್ಕೆ ಅದನ್ನು ತೋರಿಸಲಾರದು.

ವಿವರಪಟ್ಟಿಯಲ್ಲಿ ಪ್ಯಾನೆಲ್ಲಿನ ಸಹಜ ರೆಸಲ್ಯೂಶನ್ ಎಷ್ಟೆಂಬುದನ್ನೇ ಹುಡುಕಬೇಕು. 4ಕೆ ಸಪೋರ್ಟ್, 1080ಪಿ ಸಪೋರ್ಟ್ ಎಂಬ ಮಾತುಗಳು ಅಂಥ ಸಂಕೇತವನ್ನು ಟಿ.ವಿ. ಸ್ವೀಕರಿಸಿ ಕುಗ್ಗಿಸಿ ತೋರಿಸಬಲ್ಲದು ಎಂಬುದನ್ನಷ್ಟೇ ಹೇಳುತ್ತವೆ. 3840×2160 ಎಂದು ನಮೂದಾಗಿದ್ದರೂ ಕೆಲವು ಎಲ್‌ಸಿಡಿ ಪರದೆಗಳು ಮೂರು ಬಣ್ಣಗಳ ಜೊತೆಗೆ ಬಿಳಿಯ ಉಪಪಿಕ್ಸೆಲ್ಲನ್ನು ಸೇರಿಸಿ, ಉಪಪಿಕ್ಸೆಲ್‌ಗಳ ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ ಬಿಟ್ಟಿರುತ್ತವೆ. ಸಾಲಿನ 11,520 ಉಪಪಿಕ್ಸೆಲ್‌ಗಳನ್ನು ನಾಲ್ಕರಂತೆ ಹಂಚಿದರೆ ಪೂರ್ಣ ಬಣ್ಣದ ಪಿಕ್ಸೆಲ್‌ಗಳು 2,880 ಮಾತ್ರ. ಸಂಪರ್ಕದ ವಿಷಯದಲ್ಲಿ ಎಚ್‌ಡಿಎಂಐ 1.4 ಕಿಂಡಿಯು 4ಕೆಯನ್ನು ಸೆಕೆಂಡಿಗೆ 30 ಚೌಕಟ್ಟುಗಳವರೆಗೆ, 18 ಗಿಗಾಬಿಟ್‌ಗಳ 2.0 ಕಿಂಡಿಯು 60ರವರೆಗೆ, 48 ಗಿಗಾಬಿಟ್‌ಗಳ 2.1 ಕಿಂಡಿಯು 120ರವರೆಗೆ ಸಾಗಿಸುತ್ತದೆ. ಆಂಡ್ರಾಯ್ಡ್ ಆಧಾರಿತ ಟಿ.ವಿ.ಗೆ ವೈಡ್‌ವೈನ್ ಎಲ್1 ಎಂಬ ಸುರಕ್ಷತಾ ಮಾನ್ಯತೆ ಇಲ್ಲದಿದ್ದರೆ ಓಟಿಟಿ ವೇದಿಕೆಗಳು ಅದಕ್ಕೆ ಎಸ್‌ಡಿ ಚಿತ್ರವನ್ನೇ ಕಳುಹಿಸುವುದುಂಟು, ಪರದೆ 4ಕೆಯದಾಗಿದ್ದರೂ. ಮನೆಗೆ ತಂದ ಮೇಲೆ ಓವರ್‌ಸ್ಕ್ಯಾನ್ ಎಂಬ ವ್ಯವಸ್ಥೆಯನ್ನು ನಿಲ್ಲಿಸುವುದೂ ಮುಖ್ಯ. ಹಳೆಯ ಟಿ.ವಿ.ಗಳ ಸೊಟ್ಟ ಅಂಚುಗಳನ್ನು ಮರೆಮಾಡಲೆಂದು ಚಿತ್ರವನ್ನು ಶೇಕಡ ಕೆಲವು ಪಾಲಿನಷ್ಟು ಹಿಗ್ಗಿಸುತ್ತಿದ್ದ ಈ ರೂಢಿ ಚಪ್ಪಟೆ ಪರದೆಗೆ ಅನಗತ್ಯ, ಅದು ಚಾಲ್ತಿಯಲ್ಲಿದ್ದರೆ ಪಿಕ್ಸೆಲ್ಲಿಗೆ ಪಿಕ್ಸೆಲ್ ಹೊಂದಬೇಕಾದ ಚಿತ್ರವೂ ಕಾರಣವಿಲ್ಲದೆ ಮಸುಕಾಗುತ್ತದೆ.

8ಕೆ ಪರದೆಗಳನ್ನು ಮನೆಬಳಕೆಗೆ ಶಿಫಾರಸು ಮಾಡಲು ಸದ್ಯಕ್ಕೆ ಆಧಾರಗಳಿಲ್ಲ. 65 ಇಂಚಿನ 8ಕೆ ಪರದೆಯ ಪೂರ್ಣ ವಿವರವನ್ನು ಕಾಣಬೇಕಾದರೆ, ಹೊಸ ಅಧ್ಯಯನದ ಉದಾರ ಲೆಕ್ಕದಲ್ಲಿಯೂ, ಒಂದು ಮೀಟರಿನಷ್ಟು ಹತ್ತಿರ ಕೂರಬೇಕು. 2018ರ ಡಿಸೆಂಬರ್ 1ರಂದು ಎನ್‌ಎಚ್‌ಕೆ ಜಪಾನಿನಲ್ಲಿ ಆರಂಭಿಸಿದಂಥ 8ಕೆ ಉಪಗ್ರಹ ವಾಹಿನಿ ಭಾರತದಲ್ಲಿಲ್ಲ. ಪಿಕ್ಸೆಲ್‌ಗಳು ಕಿರಿದಾದಷ್ಟೂ ಅವುಗಳ ಸುತ್ತಣ ಟ್ರಾನ್ಸಿಸ್ಟರ್ ಮತ್ತು ತಂತಿಗಳು ಬೆಳಕಿನ ಹಾದಿಯ ಹೆಚ್ಚು ಪಾಲನ್ನು ತಡೆಯುವುದರಿಂದ, ಅದೇ ಹೊಳಪಿಗೆ ಹಿಂಬೆಳಕನ್ನು ಹೆಚ್ಚಿಸಬೇಕಾಗಿ ಬಂದು ವಿದ್ಯುತ್ತಿನ ಬಳಕೆ ಏರುತ್ತದೆ. ಯುರೋಪಿಯನ್ ಒಕ್ಕೂಟವು 2023ರ ಮಾರ್ಚ್ 1ರಿಂದ ವಿದ್ಯುತ್ ಬಳಕೆಯ ಮಿತಿಯನ್ನು 8ಕೆ ಟಿ.ವಿ.ಗಳಿಗೂ ವಿಸ್ತರಿಸಿದಾಗ, ತಯಾರಕರು ಅವುಗಳ ಆರಂಭಿಕ ಹೊಳಪನ್ನು ತಗ್ಗಿಸಿ ಮಾರಬೇಕಾಯಿತು.